ಬಿಡುವಿನ ತರುವಾಯದ ಹದಿನೆಂಟು ಕುಳಿಗಳು

ಯಾವುದೇ ವಿದ್ಯೆಯನ್ನು ಕೆಲವು ವಾರಗಳ ಕಾಲ ಕೈಬಿಟ್ಟು ಮರಳಿ ಹಿಡಿಯುವವನ ಮನಸ್ಸಿನಲ್ಲಿ ಎರಡು ಭಾವಗಳು ಒಟ್ಟಿಗೆ ಏಳುತ್ತವೆ. ಒಂದು, ಬಹುದಿನಗಳ ಮೇಲೆ ಪ್ರಿಯವಾದುದನ್ನು ಕಾಣುವ ಹರ್ಷ. ಇನ್ನೊಂದು, ಕಲಿತದ್ದು ಕೈಯಲ್ಲಿ ಉಳಿದಿದೆಯೋ ಇಲ್ಲವೋ ಎಂಬ ಅಳುಕು. ವೀಣೆಯನ್ನು ಮೂಲೆಗಿಟ್ಟಿದ್ದ ಗೃಹಿಣಿಗೂ, ರಂಗೋಲಿ ಬಿಡುವುದನ್ನು ಮರೆತಿದ್ದ ಸೊಸೆಗೂ, ಈಜು ನಿಲ್ಲಿಸಿದ್ದ ವಿದ್ಯಾರ್ಥಿಗೂ ಈ ಅನುಭವ ಸಮಾನವಾದುದು. ಆದರೆ ಈ ಹರ್ಷವನ್ನೂ ಅಳುಕನ್ನೂ ಅಂಕೆಗಳಲ್ಲಿ ಬರೆದು ಕೈಗೆ ಕೊಡುವ ಆಟವೊಂದಿದೆ. ಅದು ಗಾಲ್ಫ್. ಕೆಲವು ವಾರಗಳ ಬಿಡುವಿನ ತರುವಾಯ ಮೈದಾನಕ್ಕೆ ಹಿಂದಿರುಗುವ ಹವ್ಯಾಸಿಯ ಒಂದು ದಿನದ ಆಟವನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಹವ್ಯಾಸಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಅಮೆಚೂರ್ ಎನ್ನುತ್ತಾರೆ. ಆ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದ್ದು, ಪ್ರೀತಿಸುವವನು ಎಂಬುದು ಅದರ ಅರ್ಥ. ಹಣಕ್ಕಾಗಿ ಅಲ್ಲದೆ ಒಲವಿಗಾಗಿ ಆಡುವವನು ಹವ್ಯಾಸಿ. ಅವನಿಗೆ ಮನೆಯುಂಟು, ಉದ್ಯೋಗವುಂಟು, ಮಕ್ಕಳ ಮದುವೆ, ಹಿರಿಯರ ಅನಾರೋಗ್ಯ, ಮಳೆಗಾಲ ಎಲ್ಲವೂ ಉಂಟು. ಆದಕಾರಣ ಬಿಡುವು ಅವನ ಆಟದ ಒಂದು ಸಹಜ ಅಂಗ. ಬಿಡುವೇ ಬೇಡವೆನ್ನುವುದು ಸಾಧ್ಯವಿಲ್ಲ. ಬಿಡುವಿನಿಂದ ಹಿಂದಿರುಗುವ ಬಗೆಯನ್ನು ಕಲಿಯುವುದು ಸಾಧ್ಯ.

ಆಟದ ಕಿರುಪರಿಚಯ

ಈ ಆಟ ಪರಿಚಿತವಲ್ಲದ ಮನೆಗಳವರಿಗಾಗಿ ಎರಡು ಮಾತು. ವಿಶಾಲವಾದ ಹುಲ್ಲುಗಾವಲಿನಲ್ಲಿ 18 ಕುಳಿಗಳಿರುತ್ತವೆ. ಪ್ರತಿಯೊಂದು ಕುಳಿಯ ಅಗಲ ನಾಲ್ಕೂಕಾಲು ಅಂಗುಲ, ಅಂದರೆ 108 ಮಿಲಿಮೀಟರ್. ನೂರಾರು ಗಜ ದೂರದ ಟೀ ಎಂಬ ಸ್ಥಳದಿಂದ ಚೆಂಡನ್ನು ಹೊಡೆಯುತ್ತಾ ಬಂದು, ನುಣುಪಾಗಿ ಕತ್ತರಿಸಿದ ಗ್ರೀನ್ ಎಂಬ ಹುಲ್ಲುಹಾಸಿನ ಮೇಲೆ ಮೆಲ್ಲನೆ ಉರುಳಿಸಿ ಕುಳಿಗೆ ಬೀಳಿಸಬೇಕು. ಎಷ್ಟು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತೇವೆಯೋ ಅಷ್ಟು ಒಳ್ಳೆಯದು. ಆಟಗಾರನು ತನ್ನ ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲುಗಳನ್ನು ಇಟ್ಟುಕೊಳ್ಳುವಂತಿಲ್ಲ. ಒಂದೊಂದು ಕುಳಿಗೂ ನುರಿತವನಿಗೆ ಬೇಕಾಗುವ ಹೊಡೆತಗಳನ್ನು ನಿಗದಿಪಡಿಸಿ, ಅದನ್ನು ಪಾರ್ ಎಂದು ಕರೆದಿದ್ದಾರೆ. ಮೂರು, ನಾಲ್ಕು ಅಥವಾ ಐದು ಹೊಡೆತಗಳ ಕುಳಿಗಳು ಸೇರಿ ಪೂರ್ಣ ಮೈದಾನದ ಪಾರ್ ಸಾಮಾನ್ಯವಾಗಿ 72ರ ಆಸುಪಾಸಿನಲ್ಲಿರುತ್ತದೆ. ಪಾರ್‌ಗಿಂತ ಒಂದು ಹೆಚ್ಚಾದರೆ ಬೋಗಿ, ಒಂದು ಕಡಿಮೆಯಾದರೆ ಬರ್ಡಿ.

ಸ್ಕಾಟ್ಲೆಂಡ್ ಈ ಆಟದ ತವರು. 1744ರಲ್ಲಿ ಎಡಿನ್‌ಬರೋ ನಗರದ ಬಳಿಯ ಲೀತ್ ಎಂಬಲ್ಲಿ ನಡೆದ ಸ್ಪರ್ಧೆಗಾಗಿ ಬರೆದ 13 ನಿಯಮಗಳೇ ಉಪಲಬ್ಧವಿರುವ ಅತ್ಯಂತ ಹಳೆಯ ಲಿಖಿತ ನಿಯಮಗಳು. 1764ರಲ್ಲಿ ಸೇಂಟ್ ಆಂಡ್ರೂಸ್‌ನ ಮೈದಾನದಲ್ಲಿ 22 ಕುಳಿಗಳ ಸುತ್ತನ್ನು 18ಕ್ಕೆ ಇಳಿಸಿದರು. ಮುಂದೆ ಜಗತ್ತೆಲ್ಲ ಅದೇ ಸಂಖ್ಯೆಯನ್ನು ಅನುಸರಿಸಿತು. ಬ್ರಿಟಿಷರೊಡನೆ ಆಟ ನಮ್ಮಲ್ಲಿಗೆ ಬಂದಿತು. 1829ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಕ್ಲಬ್ ಬ್ರಿಟಿಷ್ ದ್ವೀಪಗಳ ಹೊರಗೆ ಅತ್ಯಂತ ಹಳೆಯದು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದಿನದು.

ಬಿಡುವು ಕಸಿದುಕೊಳ್ಳುವುದೇನು?

ಕೆಲವು ವಾರ ಆಡದಿದ್ದರೆ ಆಟ ಪೂರ್ತಿ ಮರೆತುಹೋಗುವುದಿಲ್ಲ. ಸೈಕಲ್ ತುಳಿಯುವುದನ್ನು ಒಮ್ಮೆ ಕಲಿತವನು ವರ್ಷಗಳ ಮೇಲೂ ಬೀಳದೆ ತುಳಿಯುತ್ತಾನಲ್ಲವೆ? ದೇಹವು ಕಲಿತ ಚಲನೆಯ ಸ್ಥೂಲರೂಪವು ಹಾಗೆಯೇ ಉಳಿಯುತ್ತದೆ. ಮೊದಲು ಮಸುಕಾಗುವುದು ಸೂಕ್ಷ್ಮಾಂಶ. ಎಷ್ಟು ಬಲಕ್ಕೆ ಎಷ್ಟು ದೂರ ಎಂಬ ಅಂದಾಜು, ಕೋಲಿನ ಮುಖವು ಚೆಂಡನ್ನು ಮುಟ್ಟುವ ಕ್ಷಣದ ಹದ, ಹಿಡಿತದ ಬಿಗಿ ಎಷ್ಟಿರಬೇಕೆಂಬ ಅರಿವು, ಇವು ಕೈಯಿಂದ ಜಾರಿರುತ್ತವೆ. ಅಂಗೈಯ ಗಟ್ಟಿಚರ್ಮ ಮೆತ್ತಗಾಗಿರುತ್ತದೆ. ಮೊದಲ ದಿನವೇ ನೂರು ಚೆಂಡು ಹೊಡೆದವನ ಕೈಯಲ್ಲಿ ಬೊಬ್ಬೆ ಏಳುವುದು ಇದರಿಂದಲೇ.

ಈ ಸೂಕ್ಷ್ಮಾಂಶದ ಬೆಲೆಯನ್ನು ಸಾಮಾನ್ಯ ಗಣಿತವೇ ತೋರಿಸಿಕೊಡುತ್ತದೆ. ಕೋಲೂ ಚೆಂಡೂ ಪರಸ್ಪರ ತಾಗಿರುವ ಅವಧಿ ಸೆಕೆಂಡಿನ ಸುಮಾರು 2000ದಲ್ಲಿ ಒಂದು ಭಾಗ ಮಾತ್ರ. ಆ ಕ್ಷಣದಲ್ಲಿ ಚೆಂಡು ಹೊರಡುವ ದಿಕ್ಕು ಒಂದು ಡಿಗ್ರಿ ತಪ್ಪಿದರೆ 200 ಗಜ ದೂರದಲ್ಲಿ ಅದು ಮೂರೂವರೆ ಗಜ ಪಕ್ಕಕ್ಕೆ ಬೀಳುತ್ತದೆ; ಐದು ಡಿಗ್ರಿ ತಪ್ಪಿದರೆ ಹದಿನೇಳು ಗಜಕ್ಕೂ ಮಿಗಿಲಾಗಿ ಸರಿಯುತ್ತದೆ. ಅಲ್ಲಿ ಮರವಿರಬಹುದು, ಮರಳಿನ ಬಂಕರ್ ಇರಬಹುದು, ಕೆರೆಯೂ ಇರಬಹುದು. ಪ್ರತಿ ವಾರ ಆಡುವವನಿಗೂ ಈ ದೋಷ ತಪ್ಪಿದ್ದಲ್ಲ. ಬಿಡುವಿನಿಂದ ಬಂದವನಿಗೆ ಅದು ಒಂದಿಷ್ಟು ಹೆಚ್ಚು.

ಸಮಾಧಾನದ ಸಂಗತಿಯೂ ಒಂದುಂಟು. ಬಿಡುವಿನ ತರುವಾಯ ಮೊದಲ ಕೆಲವು ಪ್ರಯತ್ನಗಳು ಕೆಟ್ಟು, ಬಳಿಕ ಬೇಗನೆ ಸುಧಾರಿಸುವುದು ಚಲನೆಯ ಕಲಿಕೆಯನ್ನು ಅಭ್ಯಸಿಸಿದ ಮನಶ್ಶಾಸ್ತ್ರಜ್ಞರಿಗೆ ಬಹುಕಾಲದಿಂದ ತಿಳಿದ ವಿಷಯ. ವಿದ್ಯೆ ಹೋಗಿರುವುದಿಲ್ಲ, ಅದಕ್ಕೆ ಬೇಕಾದ ಮೈಮನಗಳ ಸಜ್ಜಿಕೆ ಮಾತ್ರ ಕಳಚಿರುತ್ತದೆ. ಇದನ್ನು ತಿಳಿಯದವನು ಮೊದಲ ಕುಳಿಯಲ್ಲಿಯೇ ತನ್ನ ಆಟ ಮುಗಿಯಿತೆಂದು ತೀರ್ಮಾನಿಸಿ, ಹೊಡೆಯುವ ಕ್ರಮವನ್ನೇ ಬದಲಿಸಲು ಹೊರಡುತ್ತಾನೆ. ನಿಜವಾದ ಹಾನಿ ಆಗುವುದು ಅಲ್ಲಿಂದ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಆದ್ದರಿಂದ ಅನುಭವಿಗಳು ಅನುಸರಿಸುವ ಕ್ರಮ ಹೀಗಿದೆ. ಆಟಕ್ಕೆ ಅರ್ಧ ಗಂಟೆ ಮುಂಚಿತವಾಗಿ ಮೈದಾನವನ್ನು ಸೇರಬೇಕು. ಸೊಂಟ, ಭುಜ, ಮಣಿಕಟ್ಟುಗಳನ್ನು ನಿಧಾನವಾಗಿ ತಿರುಗಿಸಿ ಸಡಿಲಿಸಬೇಕು. ಹವ್ಯಾಸಿಗಳಿಗೆ ಹೆಚ್ಚಾಗಿ ನೋವು ಕಾಣಿಸಿಕೊಳ್ಳುವುದು ಕೆಳಬೆನ್ನು, ಮೊಣಕೈ ಮತ್ತು ಮಣಿಕಟ್ಟುಗಳಲ್ಲಿ. ಬಳಿಕ ದೊಡ್ಡ ಕೋಲನ್ನು ಮುಟ್ಟದೆ ಅಭ್ಯಾಸದ ಗ್ರೀನ್‌ಗೆ ಹೋಗಿ, ಮೂರು ಅಡಿ ದೂರದಿಂದ ಚೆಂಡನ್ನು ಉರುಳಿಸಬೇಕು. ಪಾರ್ ಲೆಕ್ಕದಲ್ಲಿ ಒಂದೊಂದು ಗ್ರೀನ್‌ಗೆ ಎರಡು ಹೊಡೆತಗಳಂತೆ 72ರಲ್ಲಿ 36 ಹೊಡೆತಗಳು ಹುಲ್ಲುಹಾಸಿಗೇ ಮೀಸಲಾಗಿವೆ ಎಂಬುದನ್ನು ನೆನೆದರೆ ಇದರ ಔಚಿತ್ಯ ತಿಳಿಯುತ್ತದೆ. ಅನಂತರ ಗಿಡ್ಡ ಹೊಡೆತ, ಕೊನೆಗೆ ಉದ್ದ ಹೊಡೆತ. ಆ ದಿನ ಬಾವುಟಕ್ಕೆ ನೇರವಾಗಿ ಗುರಿಯಿಡದೆ ಗ್ರೀನಿನ ನಡುಭಾಗಕ್ಕೆ ಗುರಿಯಿಡುವುದು, ಬಲವನ್ನು ಹೆಚ್ಚಿಸದೆ ಒಂದು ಅಳತೆ ದೊಡ್ಡ ಕೋಲನ್ನು ಹಿಡಿದು ಹಗುರಾಗಿ ಬೀಸುವುದು ವಿವೇಕ.

ಒಬ್ಬ ಗೃಹಸ್ಥನ ಆಟ

ಇನ್ನು ನಿದರ್ಶನಕ್ಕಾಗಿ ಬೆಂಗಳೂರಿನ ಬ್ಯಾಂಕ್ ಅಧಿಕಾರಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಐವತ್ತು ದಾಟಿದೆ. ಮಗಳ ಮದುವೆಯ ಓಡಾಟದಲ್ಲಿ ಆರು ವಾರ ಕೋಲು ಹಿಡಿದಿಲ್ಲ. ಅವರ ಹ್ಯಾಂಡಿಕ್ಯಾಪ್ 18. ಅಂದರೆ ಮೈದಾನವು ಅವರಿಗೆ ಕುಳಿಗೊಂದರಂತೆ ಹದಿನೆಂಟು ಹೊಡೆತಗಳ ರಿಯಾಯಿತಿ ನೀಡುತ್ತದೆ. ಪ್ರತಿ ಕುಳಿಯಲ್ಲೂ ಬೋಗಿ ಮಾಡಿ 90 ಹೊಡೆತಗಳಲ್ಲಿ ಮುಗಿಸಿದರೆ ಅವರು ತಮ್ಮ ಮಟ್ಟಕ್ಕೆ ಸರಿಯಾಗಿ ಆಡಿದಂತೆ.

ಮೊದಲ ಕುಳಿಯ ಪಾರ್ ನಾಲ್ಕು. ಹಿಡಿತ ಬಿಗಿಯಾಗಿ, ಚೆಂಡು ಬಲಗಡೆಯ ಮರಗಳ ನಡುವೆ ಹೊಕ್ಕಿತು, ಏಳು ಹೊಡೆತಗಳಾದವು. ಎರಡನೆಯದರಲ್ಲಿ ಆರು. ಮೂರನೆಯದು ಗಿಡ್ಡ ಕುಳಿ, ಪಾರ್ ಮೂರು, ನಾಲ್ಕರಲ್ಲಿ ಮುಗಿಯಿತು. ಜೀವ ಬಂದಂತಾಗಿ ನಾಲ್ಕನೆಯ ಕುಳಿಯಲ್ಲಿ, ಪಾರ್ ಐದರ ಉದ್ದನೆಯ ದಾರಿಯಲ್ಲಿ, ಹಳೆಯ ಬಲವನ್ನೆಲ್ಲ ಹಾಕಿ ಬೀಸಿದರು. ಮಳೆಗೆ ನೆನೆದ ಹುಲ್ಲಿನಲ್ಲಿ ಚೆಂಡು ಹೂತಿತು, ಮುಂದೆ ಬಂಕರಿಗೆ ಬಿದ್ದಿತು, ಒಟ್ಟು ಒಂಬತ್ತು ಹೊಡೆತಗಳಾದವು. ಅಷ್ಟರಲ್ಲಿ ಚೀಲ ಹೊತ್ತ ಕ್ಯಾಡಿ, ‘ಸಾರ್, ದೊಡ್ಡ ಕೋಲು ಈಗ ಬೇಡ. ಕೈ ಬಿಗಿ ಆಗಿದೆ, ಸಣ್ಣದರಲ್ಲೇ ಮೆಲ್ಲಗೆ ಹೋಗೋಣ’ ಎಂದ. ಅಧಿಕಾರಿ ಆ ಮಾತನ್ನು ಕೇಳಿದರು. ಮುಂದಿನ ಐದು ಕುಳಿಗಳು ಐದು, ಐದು, ನಾಲ್ಕು, ಆರು, ಆರು ಎಂಬಂತೆ ಮುಗಿದವು. ಅರ್ಧ ಸುತ್ತಿಗೆ 52. ಉಳಿದ ಒಂಬತ್ತು ಕುಳಿಗಳಲ್ಲಿ ಎಂಟು ಬೋಗಿ, ಒಂದು ಮಾತ್ರ ಅದಕ್ಕಿಂತ ಒಂದು ಹೆಚ್ಚು, ಒಟ್ಟು 46. ಎರಡೂ ಸೇರಿ 98.

ಹೊಡೆತಗಳ ಮೊತ್ತವನ್ನಷ್ಟೇ ನೋಡಿದರೆ ಇದು ಸೋಲು. ಆದರೆ ಇದೇ ಆಟವನ್ನು ನೋಡುವ ಮತ್ತೊಂದು ಬಗೆಯಿದೆ. ಅದು ಇಂಥ ಹವ್ಯಾಸಿಗಳಿಗಾಗಿಯೇ ಹುಟ್ಟಿದುದು. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು, ಒಂದೆರಡು ಕುಳಿಗಳಲ್ಲಿ ಕೆಟ್ಟ ಕೂಡಲೇ ಆಟಗಾರರು ನಿರಾಶರಾಗುವುದನ್ನು ಕಂಡು ಅಂಕಪದ್ಧತಿಯೊಂದನ್ನು ರೂಪಿಸಿದರು. 1932ರ ಮೇ 16ರಂದು ವಾಲಸೀ ಕ್ಲಬ್ಬಿನಲ್ಲಿ ಆ ಪದ್ಧತಿಯ ಸ್ಪರ್ಧೆ ನಡೆಯಿತು. ರಿಯಾಯಿತಿ ಕಳೆದ ಮೇಲೆ ಪಾರ್ ಮಾಡಿದರೆ ಎರಡು ಅಂಕ, ಬೋಗಿಗೆ ಒಂದು, ಬರ್ಡಿಗೆ ಮೂರು. ಬೋಗಿಗಿಂತ ಕೆಟ್ಟದ್ದಕ್ಕೆ ಸೊನ್ನೆ. ಸೊನ್ನೆಗಿಂತ ಕೆಳಗೆ ಇಳಿಯುವುದೇ ಇಲ್ಲ! ಒಂಬತ್ತು ಹೊಡೆದರೂ ಹನ್ನೆರಡು ಹೊಡೆದರೂ ಆ ಕುಳಿಯ ನಷ್ಟ ಆ ಕುಳಿಗೇ ಮುಗಿಯುತ್ತದೆ. ನಮ್ಮ ಅಧಿಕಾರಿಗೆ ಮೊದಲರ್ಧದಲ್ಲಿ 12 ಅಂಕ, ಎರಡನೆಯ ಅರ್ಧದಲ್ಲಿ 17. ತಮ್ಮ ಮಟ್ಟದ ಆಟಕ್ಕೆ ಒಂಬತ್ತು ಕುಳಿಗಳಲ್ಲಿ 18 ಬರಬೇಕು. ಎಂದಮೇಲೆ ಊಟದ ಹೊತ್ತಿಗೆ ಅವರು ತಮ್ಮ ಹಳೆಯ ಮಟ್ಟಕ್ಕೆ ಒಂದೇ ಅಂಕದಷ್ಟು ಸಮೀಪಕ್ಕೆ ಹಿಂದಿರುಗಿದ್ದರು. 98 ಎಂಬ ಒಂದೇ ಅಂಕೆ ಈ ಸಂಗತಿಯನ್ನು ಹೇಳುವುದಿಲ್ಲ.

ಲೆಕ್ಕದ ಸತ್ಯ

ಈ ಆಟದಲ್ಲಿ ನಿಜವಾಗಿ ಪಣಕ್ಕೆ ಬಿದ್ದಿರುವುದು ಗೆಲುವು ಸೋಲುಗಳಿಗಿಂತ ಬೇರೊಂದು. ಕ್ರಿಕೆಟಿನಲ್ಲಿ ಅಂಪೈರ್ ಇರುತ್ತಾರೆ, ಕಬಡ್ಡಿಯಲ್ಲಿಯೂ ತೀರ್ಪುಗಾರರಿರುತ್ತಾರೆ. ಹವ್ಯಾಸಿಗಳ ಗಾಲ್ಫ್‌ನಲ್ಲಿ ಸಾಮಾನ್ಯವಾಗಿ ಯಾವ ತೀರ್ಪುಗಾರನೂ ಜೊತೆಯಲ್ಲಿ ನಡೆಯುವುದಿಲ್ಲ. ಪೊದೆಯ ಹಿಂದೆ, ಎತ್ತರದ ಹುಲ್ಲಿನಲ್ಲಿ, ಚೆಂಡಿನ ಬಳಿ ಆಟಗಾರನೊಬ್ಬನೇ ನಿಂತಿರುತ್ತಾನೆ. ಹೊಡೆಯಲು ಸಿದ್ಧನಾಗುವಾಗ ಕೋಲು ಹುಲ್ಲಿಗೆ ತಗುಲಿ ಚೆಂಡು ಕೂದಲೆಳೆಯಷ್ಟು ಕದಲಿದರೂ, ಅವನಿಂದಾಗಿಯೇ ಕದಲಿದ್ದರೆ, ಒಂದು ಹೊಡೆತದ ದಂಡವುಂಟು. ಅದನ್ನು ಹೇಳಬೇಕಾದವನು ಅವನೇ. ಬಿಡುವಿನಿಂದ ಬಂದು ಮೊದಲೇ ಕುಗ್ಗಿರುವವನಿಗೆ ಆ ಒಂದು ಹೊಡೆತವನ್ನು ನುಂಗಿಬಿಡುವ ಆಸೆ ಹುಟ್ಟುವುದು ಅಸಹಜವೇನಲ್ಲ.

ಇಲ್ಲಿ ಅಮೆರಿಕದ ಬಾಬಿ ಜೋನ್ಸ್ ಅವರನ್ನು ನೆನೆಯುವುದು ಯುಕ್ತ. ಎಂಜಿನಿಯರಿಂಗ್ ಮತ್ತು ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದು, ಕಾನೂನನ್ನೂ ಓದಿ ವಕೀಲಿ ವೃತ್ತಿ ಹಿಡಿದ ಅವರು ತಮ್ಮ ವಿಜಯಗಳನ್ನೆಲ್ಲ ಹವ್ಯಾಸಿಯಾಗಿಯೇ ಗಳಿಸಿದರು. 1925ರ ಅಮೆರಿಕನ್ ಓಪನ್ ಸ್ಪರ್ಧೆ ವೂಸ್ಟರ್‌ನಲ್ಲಿ ನಡೆದಾಗ, ಹುಲ್ಲಿನಲ್ಲಿದ್ದ ತಮ್ಮ ಚೆಂಡು ಕದಲಿತೆಂದು ತಾವೇ ಸಾರಿ ಒಂದು ಹೊಡೆತದ ದಂಡವನ್ನು ಸ್ವೀಕರಿಸಿದರು. ಅದನ್ನು ಬೇರೆ ಯಾರೂ ಕಂಡಿರಲಿಲ್ಲ. ಸ್ಪರ್ಧೆಯ ಕೊನೆಗೆ ವಿಲ್ಲಿ ಮ್ಯಾಕ್‌ಫರ್ಲೇನ್ ಅವರೊಡನೆ ಸಮ ಬಂದು, ಮುಂದಿನ ನಿರ್ಣಾಯಕ ಆಟದಲ್ಲಿ ಸೋತರು. ಆ ಒಂದು ಹೊಡೆತ ಇಲ್ಲದಿದ್ದರೆ ಪ್ರಶಸ್ತಿ ಅವರದೇ ಆಗುತ್ತಿತ್ತು. ತಮ್ಮನ್ನು ಹೊಗಳಲು ಬಂದವರಿಗೆ ಇದರಲ್ಲಿ ಹೊಗಳುವಂಥದೇನೂ ಇಲ್ಲವೆಂದು ಅವರು ಉತ್ತರಿಸಿದರೆಂದು ಪ್ರಸಿದ್ಧವಾಗಿದೆ.

ಪ್ರಾಮಾಣಿಕತೆಗೆ ಇನ್ನೊಂದು ಮುಖವೂ ಇದೆ. 2020ರಿಂದ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಪ್ರಕಾರ ಆಟಗಾರನ ಕೊನೆಯ 20 ಆಟಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯೇ ಅವನ ಮಟ್ಟ. ಯಾವುದೇ ಕುಳಿಯಲ್ಲಿ ಒಂದು ಮಿತಿಯನ್ನು ಮೀರಿದ ಹೊಡೆತಗಳನ್ನು ಆ ಮಿತಿಗೆ ಇಳಿಸಿ ಲೆಕ್ಕ ಹಾಕುತ್ತಾರೆ; ನಮ್ಮ ಅಧಿಕಾರಿಯ ನಾಲ್ಕನೆಯ ಕುಳಿಯ ಒಂಬತ್ತು ಅಲ್ಲಿ ಎಂಟಾಗುತ್ತದೆ, 98 ಎಂಬುದು 97 ಆಗುತ್ತದೆ. ಈ ಆಟ ಅವರ ಅತ್ಯುತ್ತಮ ಎಂಟರಲ್ಲಿ ಸೇರುವ ಸಂಭವ ಕಡಿಮೆ. ಹೀಗಾಗಿ ಒಂದು ಕೆಟ್ಟ ದಿನ ಅವರ ಮಟ್ಟವನ್ನು ಬಹಳವಾಗಿ ಬದಲಿಸುವುದಿಲ್ಲ. ಹೊಸ ಅಂಕ ಬಂದು ಸೇರುವಾಗ ಅತ್ಯಂತ ಹಳೆಯದು ಕಳಚಿಕೊಳ್ಳುತ್ತದೆಯಾದ್ದರಿಂದ, ಕಳಚಿದ್ದು ಒಳ್ಳೆಯ ಎಂಟರಲ್ಲಿ ಒಂದಾಗಿದ್ದರೆ ಮಾತ್ರ ಸ್ವಲ್ಪ ವ್ಯತ್ಯಾಸವಾದೀತು.

ಇಷ್ಟಾದರೂ ಮೋಸಕ್ಕೆ ಎರಡು ದಾರಿಗಳುಂಟು. ಕೆಟ್ಟ ಅಂಕವನ್ನು ನಾಚಿಕೆಯಿಂದ ನಮೂದಿಸದೇ ಇರುವುದು ಒಂದು. ಹೀಗೆ ಮಾಡುವವನ ಮಟ್ಟ ಕಾಗದದ ಮೇಲೆ ಅವನ ನಿಜವಾದ ಸಾಮರ್ಥ್ಯಕ್ಕಿಂತ ಮೇಲಾಗಿ ಕಾಣುತ್ತದೆ, ಮೈದಾನದಲ್ಲಿ ಪದೇ ಪದೇ ಸೋಲುತ್ತಾನೆ. ಇನ್ನೊಂದು ದಾರಿ, ಮುಂದೆ ಬರುವ ಪಂದ್ಯದಲ್ಲಿ ಹೆಚ್ಚು ರಿಯಾಯಿತಿ ದೊರೆಯಲೆಂದು ಬೇಕೆಂದೇ ಕೆಟ್ಟದಾಗಿ ಆಡಿ ಬರೆಸುವುದು. ಇವನು ಗೆಲ್ಲುತ್ತಾನೆ, ಆದರೆ ಜೊತೆಗಾರರ ನಂಬಿಕೆಯನ್ನು ಕಳೆದುಕೊಳ್ಳುತ್ತಾನೆ. ಮೊದಲನೆಯವನು ತನ್ನನ್ನು ವಂಚಿಸಿಕೊಳ್ಳುತ್ತಾನೆ, ಎರಡನೆಯವನು ಇತರರನ್ನು. ಈ ಎರಡರ ನಡುವೆ ಇದ್ದದ್ದನ್ನು ಇದ್ದಂತೆ ಬರೆದು ಸಹಿ ಹಾಕುವವನೇ ಈ ಆಟದ ಘನತೆಯನ್ನು ಉಳಿಸಿದವನು. ಬಿಡುವಿನ ತರುವಾಯದ ಮೊದಲ ಅಂಕಪತ್ರ ಈ ಪರೀಕ್ಷೆಯನ್ನು ಎಲ್ಲರಿಗೂ ಒಡ್ಡುತ್ತದೆ.

ಅರ್ಧಕ್ಕೆ ಬಿಟ್ಟದ್ದು, ಪೂರ್ತಿ ಮಾಡಿದ್ದು

ಜೋನ್ಸ್ ಅವರ ಬಾಳಿನಿಂದಲೇ ಇನ್ನೊಂದು ಪ್ರಸಂಗವನ್ನು ಹೇಳಬೇಕು. 1921ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅವರು ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ ಆಡಲು ಬಂದಿದ್ದರು. ಮೂರನೆಯ ಸುತ್ತಿನಲ್ಲಿ ಆಟ ಕೆಡುತ್ತಾ ಹೋಗಿ, ಹನ್ನೊಂದನೆಯ ಕುಳಿಯ ಬಂಕರಿನಲ್ಲಿ ಸಿಲುಕಿದಾಗ ಸಹನೆ ತಪ್ಪಿ ಅಂಕದ ಲೆಕ್ಕವನ್ನೇ ಕೈಬಿಟ್ಟು ಸ್ಪರ್ಧೆಯಿಂದ ಹೊರಬಂದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎನ್ನುತ್ತೇವೆ. ಆ ವರ್ತನೆಗಾಗಿ ಅವರು ಮುಂದೆ ಬಹಳ ಪಶ್ಚಾತ್ತಾಪಪಟ್ಟರು. ಆದರೆ ಪಶ್ಚಾತ್ತಾಪದಲ್ಲಿಯೇ ನಿಲ್ಲಲಿಲ್ಲ. 1927ರಲ್ಲಿ ಅದೇ ಮೈದಾನದಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದರು. 1930ರಲ್ಲಿ ಅಮೆರಿಕ ಮತ್ತು ಬ್ರಿಟನ್ನುಗಳ ನಾಲ್ಕು ಪ್ರಮುಖ ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಗೆದ್ದು, 28ನೆಯ ವಯಸ್ಸಿನಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದರು. 1958ರಲ್ಲಿ ಸೇಂಟ್ ಆಂಡ್ರೂಸ್ ನಗರವು ಅವರಿಗೆ ಗೌರವ ಪೌರತ್ವವನ್ನಿತ್ತಿತು. ಯಾವ ಊರಿನಲ್ಲಿ ಆಟವನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದರೋ ಆ ಊರೇ ಅವರನ್ನು ತನ್ನವರೆಂದು ಕರೆಯಿತು.

ನಮ್ಮ ನಾಡಿನ ನಿದರ್ಶನವೂ ದೂರವಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅದಿತಿ ಅಶೋಕ್ ಐದನೆಯ ವಯಸ್ಸಿನಲ್ಲಿ ಕೋಲು ಹಿಡಿದು, ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ಬೆಳೆದವರು. 2016ರಲ್ಲಿ ವೃತ್ತಿಪರರಾದರು, ಅದೇ ವರ್ಷ ರಿಯೋ ಒಲಿಂಪಿಕ್ಸ್‌ನಲ್ಲಿ ಆಡಿದಾಗ ತಂದೆ ಕ್ಯಾಡಿಯಾಗಿ ಚೀಲ ಹೊತ್ತಿದ್ದರು. 2021ರ ಟೋಕಿಯೋ ಒಲಿಂಪಿಕ್ಸ್‌ಗೆ ಮುನ್ನ ಅವರಿಗೆ ಕೋವಿಡ್ ತಗುಲಿತ್ತು. ಚೇತರಿಸಿಕೊಂಡರೂ ಹೊಡೆತದ ಬಲ ಕುಗ್ಗಿತ್ತು. ಉದ್ದ ಹೊಡೆತದಲ್ಲಿ ಎದುರಾಳಿಗಳಿಗಿಂತ ಬಹಳ ಹಿಂದೆ ಉಳಿಯುತ್ತಿದ್ದರು. ಆಗ ಅವರ ವಿಶ್ವ ಶ್ರೇಯಾಂಕ 200. ಈ ಸಲ ತಾಯಿ ಕ್ಯಾಡಿಯಾಗಿದ್ದರು. ಇಲ್ಲದ ಬಲವನ್ನು ಹುಡುಕಹೋಗದೆ, ಕೈಯಲ್ಲಿ ಉಳಿದಿದ್ದ ಗ್ರೀನಿನ ಮೇಲಿನ ಚೆಂಡುರುಳಿಸುವ ಕೌಶಲವನ್ನು ಅವರು ನೆಚ್ಚಿದರು. 67, 66, 68, 68 ಎಂದು ನಾಲ್ಕು ದಿನ ಆಡಿ, ಪಾರ್‌ಗಿಂತ 15 ಕಡಿಮೆ ಹೊಡೆತಗಳಲ್ಲಿ ಮುಗಿಸಿ ನಾಲ್ಕನೆಯವರಾದರು. ಕಂಚಿನ ಪದಕ ಒಂದೇ ಹೊಡೆತದಿಂದ ತಪ್ಪಿತು. ಗಾಲ್ಫ್ ಎಂದರೇನೆಂದು ಅರಿಯದ ಮನೆಗಳಲ್ಲಿಯೂ ಅಂದು ಬೆಳಗಿನ ಜಾವ ಎದ್ದು ದೂರದರ್ಶನದ ಮುಂದೆ ಕುಳಿತವರಿದ್ದರು.

ಅದಿತಿಯವರು ವೃತ್ತಿಪರರು, ನಮ್ಮ ಬ್ಯಾಂಕ್ ಅಧಿಕಾರಿ ಹವ್ಯಾಸಿ. ಸಾಮರ್ಥ್ಯದಲ್ಲಿ ಇಬ್ಬರಿಗೂ ಹೋಲಿಕೆಯಿಲ್ಲ. ಆದರೆ ಹಿಂದಿರುಗುವ ಬಗೆಯಲ್ಲಿ ಇಬ್ಬರಿಗೂ ದಾರಿ ಒಂದೇ. ಕಳೆದುಹೋದದ್ದು ಇಂದೇ ಬೇಕೆಂದು ಹಟ ಹಿಡಿಯದೆ, ಉಳಿದಿರುವುದು ಏನೆಂದು ಶಾಂತವಾಗಿ ನೋಡಿಕೊಂಡು, ಅದನ್ನು ಬಂಡವಾಳವಾಗಿ ಮಾಡಿಕೊಳ್ಳುವುದು ಆ ದಾರಿ.

ಮನೆಯವರಿಗೂ ಇದರಲ್ಲೊಂದು ಪಾತ್ರವಿದೆ. ಹದಿನೆಂಟು ಕುಳಿಗಳೆಂದರೆ ನಾಲ್ಕು ಗಂಟೆಗೂ ಮಿಕ್ಕ ಕಾಲ, ಆರೇಳು ಕಿಲೋಮೀಟರಿನ ನಡಿಗೆ. ದಣಿದು ಬಂದವರನ್ನು ಬಾಗಿಲಲ್ಲಿಯೇ ‘ಎಷ್ಟಾಯಿತು?’ ಎಂದು ಕೇಳಿ, 98 ಎಂದೊಡನೆ ನಗುವುದು ಸುಲಭ. ‘ಮೊದಲರ್ಧ ಹೇಗೆ, ಎರಡನೆಯದು ಹೇಗೆ?’ ಎಂದು ಕೇಳಿದರೆ ಅವರು ಹೇಳುವುದಕ್ಕೆ ಬೇಕಾದಷ್ಟಿರುತ್ತದೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದು ಮತ್ತೆ ಪುಸ್ತಕ ಹಿಡಿದ ಮಗನನ್ನೂ, ಬಾಣಂತನದ ಬಳಿಕ ಕೆಲಸಕ್ಕೆ ಹಿಂದಿರುಗಿದ ಮಗಳನ್ನೂ, ಕಾಯಿಲೆಯಿಂದ ಎದ್ದು ನಡಿಗೆ ಆರಂಭಿಸಿದ ಹಿರಿಯರನ್ನೂ ಹೀಗೆಯೇ ಕೇಳಬೇಕು. ಮೊದಲ ಹೆಜ್ಜೆಗಳ ತಡವರಿಕೆಯನ್ನು ಎಣಿಸುವುದಕ್ಕಿಂತ ಕೊನೆಯ ಹೆಜ್ಜೆಗಳ ಸ್ಥಿರತೆಯನ್ನು ಗಮನಿಸುವುದು ಅವರ ಬಲವನ್ನು ಹೆಚ್ಚಿಸುತ್ತದೆ. ಆಡಿದವರು ತಮ್ಮ ಲೆಕ್ಕವನ್ನು ಸತ್ಯವಾಗಿ ಬರೆಯಲಿ. ನೋಡುವವರು ಆ ಲೆಕ್ಕವನ್ನು ಪೂರ್ತಿ ಓದಲಿ.